ಕೆಂಪು ಮುಚ್ಚಳದ ಬಾಟಲಿ

ಕೊಳಚೆ ನೀರಿನ ತೊಟ್ಟಿಯಲ್ಲಿ ಆಕ್ಸಿಜನ್ ಇದ್ದಕ್ಕಿದ್ದಂತೆ ಏರಿದರೆ ಸಂತೋಷಪಡಬಾರದು. ಈ ಮಾತನ್ನು ನಮ್ಮ ಪ್ಲಾಂಟಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಆದರೂ ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ತೊಟ್ಟಿಯ ಆಪರೇಟರ್ ಲ್ಯಾಬಿಗೆ ಫೋನ್ ಮಾಡಿ, ಮಗಳು ಪಾಸಾದ ಸುದ್ದಿ ಹೇಳುವವನ ದನಿಯಲ್ಲಿ, "ಮೇಡಂ, ಇನ್ನಿಕ್ಕಿ ಆಕ್ಸಿಜನ್ ಸೂಪರಾ ಇರುಕ್ಕು" ಎಂದ, ಇವತ್ತು ಆಕ್ಸಿಜನ್ ಭರ್ಜರಿಯಾಗಿದೆ ಎಂದು. ಗಾಳಿ ಊದುವ ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಿ ಕರೆಂಟು ಉಳಿಸಬಹುದಲ್ಲ ಎಂದೂ ಕೇಳಿದ. ಮುಟ್ಟಿದರೆ ನೋಡು ಎಂದು ತಮಿಳಿನಲ್ಲೇ ಗದರಿ ಫೋನ್ ಇಟ್ಟೆ.

ಆ ತೊಟ್ಟಿಯಲ್ಲಿ ಕೊಳಚೆಯನ್ನು ತಿಂದು ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ಅವು ತಿನ್ನಬೇಕಾದರೆ ಉಸಿರಾಡಬೇಕು. ಉಸಿರಾಡಲಿ ಎಂದೇ ನಾವು ಹಗಲೂ ರಾತ್ರಿ ಗಾಳಿ ಊದುವುದು. ಅವು ಚೆನ್ನಾಗಿದ್ದರೆ ಊದಿದ್ದೆಲ್ಲ ಖರ್ಚಾಗಿ ಮೀಟರಿನ ಮುಳ್ಳು ಕೆಳಗೇ ಇರುತ್ತದೆ. ಮಾಡಿದ ಅನ್ನ ಪಾತ್ರೆಯಲ್ಲಿ ಹಾಗೇ ಉಳಿದಿದೆ ಎಂದರೆ ಸಮೃದ್ಧಿ ಎಂದಲ್ಲ, ಉಣ್ಣುವವರಿಗೆ ಏನೋ ಆಗಿದೆ ಎಂದು. ಮನೆ ನಡೆಸುವ ಯಾರಿಗಾದರೂ ಇದು ತಿಳಿಯುತ್ತದೆ. ಆಪರೇಟರಿಗೆ ಮಾತ್ರ ಕೊನೆಗೂ ತಿಳಿಯಲಿಲ್ಲ.

ನಾನು ಮಂಡ್ಯದ ಕಡೆಯವಳು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಬ್ಯಾಂಕಿನವರನ್ನು ಮದುವೆಯಾಗಿ, ಅವರಿಗೆ ವರ್ಗವಾದಾಗ ಚೆನ್ನೈಗೆ ಬಂದೆ. ಮನೆ ಪೋರೂರಿನಲ್ಲಿ, ಕೆಲಸ ಊರಿನ ಇನ್ನೊಂದು ತುದಿಯಲ್ಲಿ, ಉತ್ತರ ಚೆನ್ನೈಯ ಒಂದು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ. ಊರಿನ ಬಚ್ಚಲು, ಕಕ್ಕಸಿನ ನೀರಿನ ಜೊತೆಗೆ ಸುತ್ತಲಿನ ಸಣ್ಣಪುಟ್ಟ ಕಾರ್ಖಾನೆಗಳ ನೀರೂ ನಮ್ಮಲ್ಲಿಗೆ ಬರುತ್ತದೆ. ಕೆಲವು ಹೇಳಿ ಬರುತ್ತವೆ, ಹಲವು ಹೇಳದೆ ಬರುತ್ತವೆ. ಹೇಳದೆ ಬಂದದ್ದನ್ನು ಕಂಡುಹಿಡಿಯುವುದು ನನ್ನ ಕೆಲಸ. ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ನನ್ನ ತಾಯಿಯೇ ಹೇಳುತ್ತಿದ್ದರು. ಲ್ಯಾಬಿನಲ್ಲಿ ಅದು ಮೂಗು ಬಿಟ್ಟು ನಾಲಿಗೆಗೆ ಬಂದಿತ್ತು. ಒಂದು ಬೀಕರು ಸರಿಯಾಗಿ ಒಣಗಿಲ್ಲವೆಂದು ಬಾಟಲಿ ತೊಳೆಯುವ ಅಕ್ಕನನ್ನು ಎಲ್ಲರೆದುರು ಕಣ್ಣಲ್ಲಿ ನೀರು ಬರುವ ಹಾಗೆ ಬೈದವಳು ನಾನು. ಕೆಲಸ ಅಚ್ಚುಕಟ್ಟಾಗಿರಬೇಕು ಎಂಬ ಒಂದೇ ಕಾರಣಕ್ಕೆ ಬೈಯುತ್ತೇನೆ ಎಂದು ಆಗ ನಂಬಿದ್ದೆ.

ಬೈಯದೆ ಬಿಟ್ಟಿದ್ದ ಒಬ್ಬರೇ ಒಬ್ಬರೆಂದರೆ ಮಾದರಿ ನೀರು ತರುವ ಅಣ್ಣ. ಐವತ್ತೈದರ ಸುಮಾರಿನ ಮನುಷ್ಯ. ಅವರ ತಾತ ರೈಲ್ವೆ ಕೆಲಸಕ್ಕೆಂದು ಕೋಲಾರದ ಕಡೆಯಿಂದ ಬಂದವರಂತೆ. ಮೂರು ತಲೆಮಾರು ಇಲ್ಲೇ ಕಳೆದು ಮನೆಯ ಕನ್ನಡಕ್ಕೆ ಅರ್ಧ ತಮಿಳು ಸೇರಿಕೊಂಡಿತ್ತು. ಓದಲು, ಬರೆಯಲು ತಮಿಳು ಮಾತ್ರ ಬರುತ್ತಿತ್ತು. ನಾನು ಕನ್ನಡದವಳೆಂದು ತಿಳಿದ ದಿನ ಅವರು, "ನಮ್ಮ ಮನೆ ಹೆಂಗಸರ ಥರಾ ಮಾತಾಡ್ತೀರಾಮ್ಮಾ, ಕೇಳೋಕ್ಕೇ ಸಂತೋಷವಾ ಇದೆ" ಎಂದಿದ್ದರು. ಆ ಬಿಸಿಲು, ಆ ನಾತದ ನಡುವೆ ದಿನಕ್ಕೆ ನಾಲ್ಕು ಮಾತು ಕನ್ನಡ ಆಡಲು ಒಬ್ಬರಿದ್ದಾರಲ್ಲ ಎಂಬುದು ನನಗೂ ದೊಡ್ಡ ಸಮಾಧಾನವಾಗಿತ್ತು. ದಿನವೂ ವ್ಯಾನಿನಲ್ಲಿ ಹೋಗಿ, ಕೊಳಚೆ ನೀರನ್ನು ನಮ್ಮ ಕಡೆ ತಳ್ಳುವ ಪಂಪಿಂಗ್ ಸ್ಟೇಷನ್‌ಗಳಿಂದ ಬಾಟಲಿಗಳಲ್ಲಿ ನೀರು ತುಂಬಿ ತರುವುದು ಅವರ ಕೆಲಸ.

ಬಾಟಲಿಗಳಲ್ಲಿ ಎರಡು ಬಗೆ ಇದ್ದವು. ಸಾಧಾರಣ ಪರೀಕ್ಷೆಗೆ ಬಿಳಿ ಮುಚ್ಚಳ, ಲೋಹದ ಪರೀಕ್ಷೆಗೆ ಕೆಂಪು ಮುಚ್ಚಳ. ನೀರಿನಲ್ಲಿರುವ ಕ್ರೋಮಿಯಂನಂಥ ಲೋಹಗಳು ಹಾಗೇ ಬಿಟ್ಟರೆ ದಾರಿಯಲ್ಲೇ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತವೆ, ತಳಕ್ಕಿಳಿಯುತ್ತವೆ. ಆಮೇಲೆ ಪರೀಕ್ಷೆ ಮಾಡಿದರೆ ನೀರು ಶುದ್ಧವಾಗಿದೆ ಎಂದೇ ತೋರಿಸುತ್ತದೆ. ಹಾಗಾಗದಿರಲು ನೀರು ತುಂಬಿದ ಕೂಡಲೇ ಸ್ವಲ್ಪ ನೈಟ್ರಿಕ್ ಆಸಿಡ್ ಬೆರೆಸಬೇಕು. ಸ್ಥಳದಲ್ಲಿ ಆಸಿಡ್ ಅಳೆದು ಹಾಕುವ ತಾಪತ್ರಯ ಬೇಡವೆಂದು ನಾನೇ ಒಂದು ಉಪಾಯ ಮಾಡಿದ್ದೆ. ಕೆಂಪು ಮುಚ್ಚಳದ ಖಾಲಿ ಬಾಟಲಿಗಳ ತಳದಲ್ಲಿ ಲ್ಯಾಬಿನಲ್ಲೇ ಆಸಿಡ್ ಹಾಕಿ, ಒಂದು ಡಬ್ಬದಲ್ಲಿ ಜೋಡಿಸಿ ಕಳಿಸುತ್ತಿದ್ದೆ. ಮೊದಲ ವಾರವೇ, ಅಣ್ಣ ರಜೆಯಲ್ಲಿದ್ದ ದಿನ, ಒಬ್ಬ ಡ್ರೈವರ್ ಅದು ಆಸಿಡ್ ಎಂದು ತಿಳಿದು, ಆ ಡಬ್ಬ ತನ್ನ ಗಾಡಿ ಹತ್ತಕೂಡದು ಎಂದು ಹಟ ಹಿಡಿದ. ಒಂದು ದಿನದ ಕೆಲಸ ಕೆಟ್ಟಿತು. ಅಂದಿನಿಂದ ಆಸಿಡ್ ಎಂಬ ಪದವನ್ನೇ ನಾನು ಆಡಲಿಲ್ಲ. ಡಬ್ಬದ ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಅಂಟಿಸಿ ಕೈ ತೊಳೆದುಕೊಂಡೆ. ಅಣ್ಣನಿಗೆ ಹೇಳಿದ್ದು ಇಷ್ಟೇ: "ಲೋಹಕ್ಕೆ ಕೆಂಪು ಮುಚ್ಚಳ. ತುಂಬಿ, ಮುಚ್ಚಿ, ತನ್ನಿ."

ಆ ವರ್ಷವೆಲ್ಲ ನನಗೆ ಕ್ರೋಮಿಯಂ ಹುಚ್ಚು ಹಿಡಿದಿತ್ತು. ತೊಟ್ಟಿಯ ತಳದ ಕೆಸರನ್ನು ಪರೀಕ್ಷಿಸಿದರೆ ಅದು ಕಾಣುತ್ತಿತ್ತು, ಅಣ್ಣ ತರುವ ನೀರಿನಲ್ಲಿ ಮಾತ್ರ ಕಾಣುತ್ತಿರಲಿಲ್ಲ. ಕೆಸರಿಗೆ ಅದು ಆಕಾಶದಿಂದ ಬೀಳುತ್ತದೆಯೇ? ತಿಂಗಳು ತಿಂಗಳೂ ನೀರಿನ ರಿಪೋರ್ಟಿಗೆ ಮಿತಿಯೊಳಗಿದೆ ಎಂದು ಸಹಿ ಹಾಕುತ್ತಿದ್ದೆ, ಹಾಕಿದ ಮೇಲೆ ಮೈ ಪರಚಿಕೊಳ್ಳುತ್ತಿದ್ದೆ. ಯಾರೋ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ, ಒಂದಲ್ಲ ಒಂದು ದಿನ ಹಿಡಿದೇ ತೀರುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ.

ಹಾಗಾಗಿ ಆ ಮಂಗಳವಾರ ತೊಟ್ಟಿಯ ಹನಿಯೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ ನನಗೆ ಮೊದಲು ಹೊಳೆದದ್ದೂ ಕ್ರೋಮಿಯಮ್ಮೇ. ಆ ಹನಿಯಲ್ಲಿ ದಿನವೂ ಕಾಣುವ ಒಂದು ಜೀವಿಯಿದೆ. ಗಂಟೆಯ ಆಕಾರದ್ದು, ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ, ಮುಟ್ಟಿದರೆ ಸ್ಪ್ರಿಂಗಿನ ಹಾಗೆ ಮುದುಡಿ ಮತ್ತೆ ನಿಧಾನವಾಗಿ ಏಳುತ್ತದೆ. ಅವತ್ತು ಎಲ್ಲವೂ ಮುದುಡಿದ್ದವು, ಒಂದೂ ಏಳಲಿಲ್ಲ. ಗಾಜನ್ನು ತಟ್ಟಿದೆ. ಇನ್ನೊಂದು ಹನಿ ಹಾಕಿದೆ. ಅದರಲ್ಲೂ ಅಷ್ಟೇ. ಇಡೀ ತೊಟ್ಟಿ ಸಾಯುತ್ತಿತ್ತು.

ಅಣ್ಣನನ್ನು ಕೂಗಿದೆ. ಸಮುದ್ರದ ಕಡೆಯ ಪಂಪಿಂಗ್ ಸ್ಟೇಷನ್ನಿಗೆ ಟ್ಯಾಂಕರುಗಳು ಬಂದು ಸುರಿಯುತ್ತವೆ, ಕ್ರೋಮಿಯಂ ಬಂದಿದ್ದರೆ ಅಲ್ಲಿಂದಲೇ ಬಂದಿರಬೇಕು. ಬಿಳಿ ಬಾಟಲಿ ಬೇಡ, ಮೂರು ಕೆಂಪು ಬಾಟಲಿ ಸಾಕು, ಓಡಿಹೋಗಿ ತುಂಬಿ ತನ್ನಿ ಎಂದೆ.

"ಟಿಫನ್ ಮುಗಿಸಿಬಿಡ್ಲಾಮ್ಮಾ? ಎರಡು ಇಡ್ಲಿ ತಾನೇ."

"ಬಂದು ತಿನ್ನಿ ಅಣ್ಣ. ಈಗ ಹೊರಡಿ."

ಅವರು ಟಿಫನ್ ಡಬ್ಬ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಹೊರಟರು. ವ್ಯಾನಿನ ಡ್ರೈವರ್ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತಷ್ಟೇ. ಬಾಗಿಲು ಹಾಕಿಕೊಂಡ ಸದ್ದು ಲ್ಯಾಬಿನವರೆಗೂ ಕೇಳಿಸಿತು.

ಅವರು ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಮ್ಮ ಪ್ಲಾಂಟಿನ ಬಾಗಿಲಿಗೆ ಬರುವ ಕೊಳಚೆಯನ್ನು ಒಂದು ಲೋಟದಲ್ಲಿ ತೆಗೆದು ನೋಡಿದೆ. ಕ್ರೋಮಿಯಂ ನೀರಾದರೆ ಸಾಮಾನ್ಯವಾಗಿ ಹಳದಿಗೆ ತಿರುಗಿರುತ್ತದೆ, ಹುಳಿ ಇರುತ್ತದೆ. ಇದರಲ್ಲಿ ಬಣ್ಣವಿಲ್ಲ. ಕಾಗದದ ಪಟ್ಟಿ ಅದ್ದಿದೆ. ಹುಳಿ ಇದ್ದರೆ ಅದು ಕೆಂಪಾಗುತ್ತದೆ, ಕ್ಷಾರವಿದ್ದರೆ ನೀಲಿ. ಅದು ನೀಲಿಗೆ ತಿರುಗಿತು. ಕ್ಷಾರದ ನೀರು, ಬಣ್ಣವಿಲ್ಲ, ಜೀವಿಗಳು ಒಂದೇ ಏಟಿಗೆ ಉಸಿರಾಟ ನಿಲ್ಲಿಸಿವೆ. ಊದಿದ ಗಾಳಿಯೆಲ್ಲ ನೀರಿನಲ್ಲಿದೆ, ತೆಗೆದುಕೊಳ್ಳುವ ಶಕ್ತಿ ಅವಕ್ಕಿಲ್ಲ. ಹೀಗೆ ಉಸಿರಿನ ಬುಡಕ್ಕೇ ಕೈ ಹಾಕುವುದು ಸೈನೈಡ್. ಲೋಹಕ್ಕೆ ಮೆರುಗು ಹಾಕುವವರು ಬಳಸುವ ದ್ರಾವಣ ಅದು. ಯಾರೋ ಹಳೆಯ ತೊಟ್ಟಿ ಖಾಲಿ ಮಾಡಿ ಸುರಿದಿದ್ದಾರೆ.

ಹೌದಲ್ಲ, ಸೈನೈಡ್, ಎಂದುಕೊಂಡೆ. ಉತ್ತರ ಸಿಕ್ಕಿತೆಂಬ ಹೆಮ್ಮೆ ಒಂದು ಕ್ಷಣ ಇತ್ತು, ಸುಳ್ಳು ಹೇಳುವುದಿಲ್ಲ. ಮರುಕ್ಷಣ ಕೆಂಪು ಬಾಟಲಿಗಳು ನೆನಪಾದವು.

ಸೈನೈಡ್ ಇರುವ ನೀರು ಕ್ಷಾರವಾಗಿರುವವರೆಗೆ ವಿಷ ನೀರಿನಲ್ಲೇ ಇರುತ್ತದೆ. ಅದಕ್ಕೆ ಆಸಿಡ್ ಬಿದ್ದರೆ ವಿಷ ಗಾಳಿಯಾಗಿ ಎದ್ದು ಬರುತ್ತದೆ. ಕೆಮಿಸ್ಟ್ರಿ ಓದಿದವರಿಗೆ ಮೊದಲು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಇದೂ ಒಂದು. ನಾನು ಮೂರು ಬಾಟಲಿಗಳ ತಳದಲ್ಲಿ ಆಸಿಡ್ ಹಾಕಿ, ಅದು ಆಸಿಡ್ ಎಂದು ಹೇಳದೆ, ಆ ನೀರನ್ನು ಅದರಲ್ಲೇ ತುಂಬಿ ತನ್ನಿ ಎಂದು ಒಬ್ಬ ಮನುಷ್ಯನನ್ನು ಕಳಿಸಿದ್ದೆ. ಏಸಿ ಹಾಕಿ ಕಿಟಕಿ ಏರಿಸಿದ ವ್ಯಾನಿನಲ್ಲಿ ಅವರು ಆ ಡಬ್ಬವನ್ನು ಕಾಲಿನ ಹತ್ತಿರ ಇಟ್ಟುಕೊಂಡು ಬರುತ್ತಾರೆ. ನಮ್ಮ ಬಾಟಲಿಗಳ ಮುಚ್ಚಳ ಹಳೆಯವು, ಎರಡರಲ್ಲಿ ಒಂದು ಸೋರುತ್ತದೆ.

ಅಣ್ಣನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಅವರು ಫೋನನ್ನು ಟಿಫನ್ ಚೀಲದಲ್ಲಿ, ಟವೆಲಿನಲ್ಲಿ ಸುತ್ತಿ ಇಡುತ್ತಾರೆ, ಕೆಲಸದಲ್ಲಿ ನೀರಿಗೆ ಬಿದ್ದೀತು ಎಂದು. ಪಂಪಿಂಗ್ ಸ್ಟೇಷನ್ನಿನ ವಾಚ್‌ಮನ್‌ಗೆ ಮಾಡಿದೆ. "ಇಪ್ಪೋದಾನ್ ಕೆಳಂಬಿನಾಂಗ ಮೇಡಂ" ಎಂದ, ಈಗ ತಾನೇ ಹೊರಟರು. ತುಂಬಿಕೊಂಡರಾ ಎಂದೆ. ಮೂರೂ ತುಂಬಿಕೊಂಡರು ಎಂದ. ಹೊಸ ಡ್ರೈವರಿನ ನಂಬರ್ ನನ್ನಲ್ಲಿರಲಿಲ್ಲ. ನಾಲ್ಕು ದಿನದಿಂದ ಅವನ ಮುಖವನ್ನೂ ನೋಡಿರಲಿಲ್ಲ. ಗಾಡಿಯ ಕಂಟ್ರಾಕ್ಟರಿಗೆ ಫೋನ್ ಮಾಡಿದರೆ ಬ್ಯುಸಿ. ಮತ್ತೆ ಬ್ಯುಸಿ. ಬಾಟಲಿ ತೊಳೆಯುವ ಅಕ್ಕ ಸಿಂಕಿನ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಕಂಟ್ರಾಕ್ಟರ್ ಕೊನೆಗೂ ಎತ್ತಿ, ಗುಡ್ ಮಾರ್ನಿಂಗ್ ಮೇಡಂ, ಚೆನ್ನಾಗಿದ್ದೀರಾ ಎಂದು ಶುರುಮಾಡಿದ. ನಂಬರ್ ಹೇಳೋ ಎಂದು ಕಿರುಚಿದೆ.

ಡ್ರೈವರ್ ಎತ್ತಿದ. ಅಣ್ಣ ಹೇಗಿದ್ದಾರೆ ಎಂದೆ.

"ತಲೈ ಸುತ್ತುದುನ್ನು ಸೊಲ್ರಾರು ಮೇಡಂ. ಕಣ್ಣ ಮೂಡಿ ಉಕ್ಕಾಂದಿರುಕ್ಕಾರು."

ತಲೆ ಸುತ್ತುತ್ತಿದೆಯಂತೆ, ಕಣ್ಣು ಮುಚ್ಚಿ ಕೂತಿದ್ದಾರಂತೆ. ಅದನ್ನು ಅವನು ಎಷ್ಟು ನಿಧಾನವಾಗಿ ಹೇಳಿದನೆಂದರೆ ನನಗೆ ಇವತ್ತಿಗೂ ಒಂದೊಂದು ಅಕ್ಷರವೂ ಕಿವಿಯಲ್ಲಿದೆ. ಗಾಡಿ ನಿಲ್ಲಿಸು, ಬಾಗಿಲೆಲ್ಲ ತೆಗಿ, ಅವರನ್ನು ಕೆಳಗಿಳಿಸು, ನೀನೂ ಇಳಿ, ಡಬ್ಬ ಮುಟ್ಟಬೇಡ. ಒಂದೇ ಉಸಿರಿಗೆ ಹೇಳಿದೆ. ಹಿಂದೆ ಕಂಟೇನರ್ ಲಾರಿ ಇದೆ, ಇಲ್ಲಿ ನಿಲ್ಲಿಸಕ್ಕಾಗಲ್ಲ ಎಂದ. ಲಾರಿ ಹಾಳಾಗಿ ಹೋಗಲಿ, ನಿಲ್ಲಿಸು ಎಂದೆ. ಬ್ರೇಕಿನ ಸದ್ದು, ಹಿಂದೆಯೇ ಹಾರ್ನುಗಳ ಸದ್ದು, ಆಮೇಲೆ ಫೋನ್ ಕಟ್ಟಾಯಿತು.

ಆಂಬುಲೆನ್ಸಿಗೆ ಹೇಳಿ, ಮುಖಕ್ಕೆ ಕಟ್ಟುವ ಮಾಸ್ಕು, ಗ್ಲೌಸು, ಕಾಗದದ ಪಟ್ಟಿಗಳ ಡಬ್ಬಿ ಚೀಲಕ್ಕೆ ಹಾಕಿಕೊಂಡು ಗೇಟಿನ ಮುಂದೆ ಸಿಕ್ಕ ಆಟೋ ಹತ್ತಿದೆ. ತಿರುವೊಟ್ಟಿಯೂರಿನ ಆ ರಸ್ತೆಯಲ್ಲಿ ಲಾರಿಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡಂತೆ ನಿಂತಿರುತ್ತವೆ. ಆಟೋದವರು ಸಂದುಗಳಲ್ಲಿ ನುಗ್ಗಿಸಿದರು. ಡ್ರೈವರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಯಾಕೆ ಎತ್ತುತ್ತಿಲ್ಲ ಎಂಬುದಕ್ಕೆ ನನ್ನ ತಲೆ ಒಂದೊಂದೇ ಕಾರಣ ಕೊಡುತ್ತಾ ಹೋಯಿತು. ಅಣ್ಣನ ಹೆಂಡತಿಯನ್ನು ನಾನು ಒಂದೇ ಸಲ, ಆಯುಧಪೂಜೆಯ ದಿನ ನೋಡಿದ್ದೆ. ಆಕೆಗೆ ಯಾವ ಭಾಷೆಯಲ್ಲಿ, ಯಾವ ಮಾತಿನಿಂದ ಶುರುಮಾಡಿ ಹೇಳಬೇಕು ಎಂದು ಯೋಚಿಸಿದೆ. ಎರಡು ಇಡ್ಲಿ ತಿನ್ನಲೂ ಬಿಡದೆ ಕಳಿಸಿದ್ದೆ.

ವ್ಯಾನು ಸಮುದ್ರದ ಕಡೆ, ಅರ್ಧ ಫುಟ್‌ಪಾತಿನ ಮೇಲೆ ಹತ್ತಿ ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ಡ್ರೈವರ್ ಲಾರಿಯವನೊಬ್ಬನ ಜೊತೆ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದ. ಅಣ್ಣ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಜೀವ ಬಂತು ಎಂದುಕೊಳ್ಳುವಷ್ಟರಲ್ಲಿ ನೋಡುತ್ತೇನೆ, ತೊಡೆಯ ಮೇಲೆ ಬಾಟಲಿಯ ಡಬ್ಬ. ಅದನ್ನು ತೆರೆದುಕೊಂಡು, ಬಗ್ಗಿ, ಒಂದು ಕೆಂಪು ಮುಚ್ಚಳವನ್ನು ತಿರುಗಿಸುತ್ತಿದ್ದರು.

"ಅಣ್ಣಾ, ಕೆಳಗಿಡಿ! ಕೆಳಗಿಡಿ ಅದನ್ನ!"

"ಒಂದು ಬಾಟ್ಲಿ ಲೀಕ್ ಆಗ್ತಿದೆಮ್ಮಾ. ಟೈಟ್ ಮಾಡ್ತಾ ಇದೀನಿ. ರೋಡಲ್ಲಿ ಬಿಟ್ಟು ಬರೋಕಾಗತ್ತಾ, ನೀವು ಅರ್ಜೆಂಟ್ ಅಂದ್ರಿ ತಾನೇ?"

ನಾನು ಮಾಸ್ಕು ಕಟ್ಟಿಕೊಂಡೆನೋ ಇಲ್ಲವೋ ನೆನಪಿಲ್ಲ. ಡಬ್ಬ ಕಿತ್ತುಕೊಂಡು, ರಸ್ತೆ ದಾಟಿ, ಅಲೆ ತಡೆಯಲು ಹಾಕಿದ ಬಂಡೆಗಳ ಮೇಲೆ, ಗಾಳಿ ಯಾರ ಕಡೆಗೂ ಬೀಸದ ಜಾಗದಲ್ಲಿ ಇಟ್ಟೆ. ಉಸಿರು ಬಿಗಿಹಿಡಿದು ಒಂದು ಬಾಟಲಿಯ ಮುಚ್ಚಳ ಸಡಿಲಿಸಿ ಪಟ್ಟಿ ಅದ್ದಿದೆ. ಒಳಗೆ ಆಸಿಡ್ ಇದೆ, ಕೆಂಪಾಗಬೇಕು. ಪಟ್ಟಿ ಕಡು ನೀಲಿಯಾಯಿತು. ಎರಡನೆಯ ಬಾಟಲಿ, ನೀಲಿ. ಮೂರನೆಯದು, ಅದೂ ನೀಲಿ. ಪಟ್ಟಿಗಳೇ ಕೆಟ್ಟಿವೆ ಎಂದುಕೊಂಡೆ. ಓಡಿಬಂದು ಟೀ ಅಂಗಡಿಯಲ್ಲಿ ಹೆಚ್ಚಿಟ್ಟಿದ್ದ ನಿಂಬೆಹಣ್ಣಿಗೆ ಒಂದು ಪಟ್ಟಿ ಒತ್ತಿದೆ. ಅದು ಕೆಂಪಗಾಯಿತು. ಅಂಗಡಿಯವನು ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ. ಪಟ್ಟಿ ಸರಿಯಾಗೇ ಇತ್ತು. ಬಾಟಲಿಗಳಲ್ಲಿ ಆಸಿಡ್ ಇರಲಿಲ್ಲ.

"ಅಣ್ಣ, ಬಾಟ್ಲಿ ತಳದಲ್ಲಿ ಸ್ವಲ್ಪ ನೀರಿನ ಥರ ಇತ್ತಲ್ಲ, ಅದೇನಾಯ್ತು?"

ಅವರು ತಲೆ ತಗ್ಗಿಸಿದರು.

"ಅದು ಚೆಲ್ಲಿಬಿಡ್ತೀನಮ್ಮಾ. ಮೂರು ತಡವೆ ಅಲ್ಲಿಯ ನೀರಲ್ಲೇ ಅಲಸಿ ತೊಳೆದು, ಆಮೇಲೆ ತಾನ್ ತುಂಬೋದು. ಇಪ್ಪತ್ತು ವರ್ಷದ ಹಿಂದೆ ನನಗೆ ಮೊದಲು ಹೇಳಿಕೊಟ್ಟ ಸಾರು ಹಾಗೇ ಹೇಳಿಕೊಟ್ರು."

"ಯಾವಾಗಿಂದ ಚೆಲ್ತಾ ಇದೀರಿ?"

"ಕೆಂಪು ಮುಚ್ಚಳ ಬಂದ ಕಾಲದಿಂದ್ಲೂಮ್ಮಾ. ಆ ಬಾಟ್ಲಿ ತೊಳೆಯೋ ಪೊಣ್ಣು ನೀರು ಸರಿಯಾ ಬಸಿದೆ ಇಟ್ಟುಬಿಡ್ತಾಳೆ ಅಂದ್ಕೊಂಡೆ. ನಿಮಗೆ ಹೇಳಿದ್ರೆ ಅವಳನ್ನ ಬೈತೀರಾ. ಆವತ್ತೇ ಪಾಪ ಅತ್ತುಬಿಟ್ಳಲ್ಲ. ಸರಿ, ನಾನೇ ಅಲಸಿಬಿಟ್ರೆ ಮುಗೀತು, ಯಾರಿಗೂ ಕಷ್ಟ ಇಲ್ಲ ಅಂತ."

ನಾನು ಆ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತೆ. ಮೊದಲ ಸಲ ಅಲಸಿ ಚೆಲ್ಲುವಾಗ ಕೆಟ್ಟ ವಾಸನೆ ಬಂದು ಗಂಟಲು ಹಿಡಿಯಿತು, ಅಲ್ಲಿಂದಲೇ ತಲೆಸುತ್ತು ಶುರುವಾಯಿತು ಎಂದರು. ಅಷ್ಟೇ ಆಸಿಡ್, ಅಷ್ಟೇ ವಿಷ, ಆದರೆ ಸಮುದ್ರದ ಗಾಳಿಗೆ ಮುಖ ಮಾಡಿ, ಬಯಲಿನಲ್ಲಿ. ಅದೇ ಮುಚ್ಚಿದ ವ್ಯಾನಿನೊಳಗೆ, ಸೋರುವ ಬಾಟಲಿಯಿಂದ ಅರ್ಧ ಗಂಟೆ ಎದ್ದಿದ್ದರೆ ನಾನು ಈ ಬೆಂಚಿನ ಹತ್ತಿರ ಮಾತಾಡುವವರನ್ನು ನೋಡುತ್ತಿರಲಿಲ್ಲ. ಅವರ ಕೈ ನೋಡಿದೆ. ಬೆರಳ ತುದಿಗಳು ಹಳದಿ ಕಟ್ಟಿದ್ದವು. ಇಷ್ಟು ದಿನ ಅದನ್ನು ಬೀಡಿಯ ಕಲೆ ಎಂದುಕೊಂಡಿದ್ದೆ. ಅದು ನನ್ನ ನೈಟ್ರಿಕ್ ಆಸಿಡ್‌ನ ಕಲೆಯಾಗಿತ್ತು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟು ಸಂಜೆಯವರೆಗೆ ನೋಡಿಕೊಂಡರು. ಪ್ರತಿ ಸಲ ನರ್ಸು ಬಂದು ನಾಡಿ ಹಿಡಿದಾಗಲೂ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸಂಜೆ ಐದಕ್ಕೆ ಡಾಕ್ಟರು, ಇನ್ನು ಮನೆಗೆ ಹೋಗಬಹುದು, ಬಯಲಿನಲ್ಲಿದ್ದದ್ದು ಪುಣ್ಯ ಎಂದರು. ಅಣ್ಣ ಎದ್ದು ಕೂತು ಮೊದಲು ಕೇಳಿದ್ದು ಟಿಫನ್ ಚೀಲ ಎಲ್ಲಿ ಎಂದು.

ಮರುದಿನ, ಸೈನೈಡಿಗೆ ಬೇಕಾದ ಹಾಗೆ ಕ್ಷಾರ ಹಾಕಿದ ಬಾಟಲಿಗಳಲ್ಲಿ ನಾನೇ ಹೋಗಿ ನೀರು ತಂದು ಪರೀಕ್ಷಿಸಿದೆ. ಸೈನೈಡೇ ಆಗಿತ್ತು. ಆ ಟ್ಯಾಂಕರ್ ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ. ತೊಟ್ಟಿ ಮತ್ತೆ ಉಸಿರಾಡಲು ಮೂರು ವಾರ ಹಿಡಿಯಿತು. ಮುಂದಿನ ವಾರ ಕೆಂಪು ಮುಚ್ಚಳದ ಬಾಟಲಿಯನ್ನು ಅಲಸದೆ, ಆಸಿಡ್ ಸಮೇತ ನಾನೇ ತುಂಬಿ ತಂದೆ. ಕ್ರೋಮಿಯಂ ಕಂಡಿತು, ಮಿತಿಗಿಂತ ಎಷ್ಟೋ ಮೇಲೆ. ಅಷ್ಟು ತಿಂಗಳೂ ಅದು ಬಾಟಲಿಯ ಗೋಡೆಗೆ ಅಂಟಿಕೊಂಡು ಕೂತಿತ್ತು, ನಾನು ಮಿತಿಯೊಳಗಿದೆ ಎಂದು ಸಹಿ ಹಾಕುತ್ತಲೇ ಇದ್ದೆ. ಕಣ್ಣಿಗೆ ಮಣ್ಣೆರಚಿದವರು ಹೊರಗೆ ಯಾರೂ ಇರಲಿಲ್ಲ.

ಹಳೆಯ ರಿಪೋರ್ಟುಗಳು ತಪ್ಪು ಎಂದು ಮೇಲಿನವರಿಗೆ ತಿಳಿಸಲೇಬೇಕಿತ್ತು. ಎರಡು ಪುಟ ಬರೆದೆ. ಮೊದಲ ಪುಟದಲ್ಲಿ ಬಾಟಲಿಯಲ್ಲಿ ಆಸಿಡ್ ಇರುವುದನ್ನು ನಾನು ಬೇಕೆಂದೇ ಹೇಳಿರಲಿಲ್ಲ, ಅದರಿಂದ ಒಂದು ಜೀವ ಹೋಗುವುದರಲ್ಲಿತ್ತು ಎಂದು. ಎರಡನೆಯದರಲ್ಲಿ ಬಾಟಲಿ ಅಲಸಿದ್ದರಿಂದ ಲೋಹದ ಅಳತೆಗಳು ನಂಬುವಂತಿಲ್ಲ ಎಂದು. ನಮ್ಮ ಮ್ಯಾನೇಜರು ಸೌಮ್ಯ ಸ್ವಭಾವದವರು, ನನ್ನೊಂದಿಗೆ ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಮೊದಲ ಪುಟವನ್ನು ಎರಡು ಸಲ ಓದಿ, ಆಸಿಡ್ ಇದ್ದ ಬಾಟಲಿ ವಾಪಸ್ಸು ಗಾಡಿ ಹತ್ತಲೇ ಇಲ್ಲವಲ್ಲ ಮೇಡಂ, ನಡೆಯದೇ ಇರುವ ಅಪಘಾತಕ್ಕೆ ರಿಪೋರ್ಟ್ ಯಾಕೆ ಎಂದರು. ತಲೆಸುತ್ತಿಗೆ ಕೊಳಚೆಯ ಗಾಳಿ ಎಂದು ಬರೆದರೆ ಸಾಕು ಎಂದರು. ಪೆನ್ಸಿಲಿನಿಂದ ಮೊದಲ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

ನಾನು ಜಗಳವಾಡಬೇಕಿತ್ತು. ಬೀಕರ್ ಒಣಗಿಲ್ಲವೆಂದು ಲ್ಯಾಬೇ ನಡುಗುವ ಹಾಗೆ ಕೂಗಾಡುವವಳಿಗೆ ಆವತ್ತು ದನಿಯೇ ಏಳಲಿಲ್ಲ. ನಿಜ ಹೇಳಬೇಕೆಂದರೆ ಆ ಗೆರೆ ಬಿದ್ದಾಗ ನನಗೆ ಹಾಯೆನಿಸಿತು. ಎರಡನೆಯ ಪುಟವೊಂದೇ ಮೇಲೆ ಹೋಯಿತು. ಅದರಲ್ಲಿದ್ದ ತಪ್ಪು ಒಂದೇ, ಅದು ಬಾಟಲಿ ಅಲಸಿದವರದು. ಹತ್ತು ದಿನದ ಮೇಲೆ ಅಣ್ಣನ ಹೆಸರಿಗೆ ಒಂದು ಮೆಮೊ ಬಂತು.

ಅದು ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದರು.

"ಸ್ವಲ್ಪ ಓದಿ ಹೇಳ್ತೀರಾಮ್ಮಾ? ನಮ್ಮ ಭಾಷೆಯಲ್ಲೇ ಹೇಳಿ. ಆಫೀಸಲ್ಲಿ ಕೇಳೋಕೆ ಒಂಥರಾ ವೆಟ್ಕ ಆಗತ್ತೆ."

ಅವರಿಗೆ ನಾಚಿಕೆಯಂತೆ. ನಾನು ಕಾಗದ ಬಿಡಿಸಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ನೀವು ಲ್ಯಾಬಿನ ಸೂಚನೆಗೆ ವಿರುದ್ಧವಾಗಿ ಕೆಂಪು ಮುಚ್ಚಳದ ಬಾಟಲಿಗಳನ್ನು ಅಲಸಿದ್ದೀರಿ. ಅದರಿಂದ ಹಲವು ತಿಂಗಳ ಪರೀಕ್ಷೆಗಳು ವ್ಯರ್ಥವಾಗಿವೆ. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು. ಹೀಗೆ ಅಲಸಿದ್ದರಿಂದಲೇ ನೀವು ಇವತ್ತು ನನ್ನ ಮುಂದೆ ನಿಂತಿದ್ದೀರಿ ಎಂಬ ಸಾಲು ಅದರಲ್ಲಿರಲಿಲ್ಲ. ಕನ್ನಡದಲ್ಲಿ ಹೇಳುತ್ತಿದ್ದವಳು ನಾನು, ಕೇಳುತ್ತಿದ್ದವರು ಅವರೊಬ್ಬರೇ. ಸೇರಿಸಿ ಓದಿದ್ದರೆ ತಡೆಯುವವರು ಯಾರೂ ಇರಲಿಲ್ಲ. ನಾಲಿಗೆಯವರೆಗೂ ಬಂತು. ಕಾಗದ ಮಡಿಸಿ ಅವರ ಕೈಗೆ ಕೊಟ್ಟೆ.

"ಸರಿ ತಾನೇಮ್ಮಾ. ತಪ್ಪು ನಂದೇ," ಎಂದರು. "ಆ ಪೊಣ್ಣಿಗೇನೂ ಬರಲಿಲ್ಲ ತಾನೇ?"

"ಇಲ್ಲ ಅಣ್ಣ."

"ನಿಮಗೆ?"

"ನನಗೂ ಏನೂ ಬರಲಿಲ್ಲ."

"ಅಷ್ಟು ಸಾಕು. ಇನ್ನು ಮೇಲೆ ಸ್ವಲ್ಪ ಕೂಡ ಅಲಸಲ್ಲಮ್ಮಾ, ಸತ್ಯವಾಗ್ಲೂ. ಮನ್ನಿಸಿಬಿಡಿ."

ಮೆಮೊದ ಕೆಳಗೆ ತಮಿಳಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ಆಮೇಲೆ ಷರ್ಟಿನ ಜೇಬಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದರು. ನಿನ್ನೆ ಅವರ ಹೆಂಡತಿ ತಿರುವೊಟ್ಟಿಯೂರಿನ ದೇವಸ್ಥಾನದಲ್ಲಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳಂತೆ. ನಕ್ಷತ್ರ ಗೊತ್ತಿಲ್ಲದೆ ಬರೀ ಹೆಸರು ಹೇಳಿದಳಂತೆ.

"ನೀವು ಆವತ್ತು ಫೋನ್ ಮಾಡಿ ಗಾಡಿ ನಿಲ್ಲಿಸದೇ ಇದ್ದಿದ್ರೆ ನಾನಿಲ್ಲಮ್ಮಾ. ನಮ್ಮನೇಲಿ ಎಲ್ರಿಗೂ ಅದನ್ನೇ ಹೇಳಿಟ್ಟಿದೀನಿ, ಮೇಡಮ್ಮೇ ಕಾಪಾಡಿದ್ದು ಅಂತ."

ಬಲಗೈ ಚಾಚಿ ಪೊಟ್ಟಣ ತೆಗೆದುಕೊಂಡೆ. ಅವರು ನೋಡುತ್ತಾ ನಿಂತಿದ್ದರು. ಬಿಡಿಸಿ ಕುಂಕುಮವನ್ನು ಹಣೆಗೆ ಇಟ್ಟುಕೊಂಡೆ.